ರೀಫ್ ಟ್ಯಾಂಕಿನ ಉಪ್ಪಿನ ಬ್ರಾಂಡ್ ಬದಲಿಸಬೇಕು: ಒಂದೇ ಸಲಕ್ಕೋ, ಸ್ವಲ್ಪ ಸ್ವಲ್ಪವಾಗೋ?

ನೀಲಿಬೆಳಕು

ಎಲ್ಲರಿಗೂ ನಮಸ್ಕಾರ. ಹವಳ ಸಾಕೋ ಉಪ್ಪುನೀರಿನ (ರೀಫ್) ಟ್ಯಾಂಕ್ ನನ್ನದು, ಸಂಪ್ (ಫಿಲ್ಟರ್ ಇರೋ ಕೆಳಗಿನ ತೊಟ್ಟಿ) ಸೇರಿ ಸುಮಾರು 300 ಲೀಟರ್ ನೀರು. ಎಲ್‌ಪಿಎಸ್ ಅಂದ್ರೆ ದೊಡ್ಡ ಪಾಲಿಪ್ (ಹವಳದ ಹೂವಿನಂಥ ಜೀವಿ) ಇರೋ ಗಟ್ಟಿ ಹವಳ ಜಾಸ್ತಿ: ಹ್ಯಾಮರ್, ಟಾರ್ಚ್, ದೊಡ್ಡದೊಂದು ಡಂಕನ್. ಮೇಲಿನ ಕಲ್ಲುಗಳ ಮೇಲೆ ಮಾಂಟಿಪೋರ, ಸ್ಟೈಲೋಫೋರ, ಮೂರು ಸಣ್ಣ ಅಕ್ರೊಪೋರ, ಇವೂ ಹವಳಗಳೇ. ಶುರುವಿನಿಂದಲೂ ರೆಡ್ ಸೀ ಬ್ರಾಂಡಿನ ನೀಲಿ ಬಕೆಟ್ ಉಪ್ಪನ್ನೇ ಬಳಸ್ತಾ ಬಂದಿದ್ದೀನಿ, ಅದರ ಮೇಲೆ ಏನೂ ದೂರಿಲ್ಲ. ಆದ್ರೆ ಬೇಕಾದಾಗ ಸಿಗ್ತಿಲ್ಲ. ರೀಫ್ ಕ್ರಿಸ್ಟಲ್ಸ್ ಅನ್ನೋ ಉಪ್ಪು ಯಾವಾಗ್ಲೂ ಸಿಗತ್ತೆ, ಒಂದು ಚೀಲ ತಂದಿಟ್ಟಿದ್ದೀನಿ, ಇನ್ನೂ ಬಿಚ್ಚಿಲ್ಲ.

ಈಗ ಟ್ಯಾಂಕಲ್ಲಿ ಆಲ್ಕಲಿನಿಟಿ (ಆಲ್ಕ್; ನೀರಿನ ಆಮ್ಲ ತಡೆಯೋ ಶಕ್ತಿ, ಹೆಚ್ಚಾಗಿ ಕಾರ್ಬೊನೇಟಿಂದ ಬರೋದು) 7.8 ಡಿಕೆಎಚ್ (ಅದರ ಅಳತೆಯ ಮಾನ), ಕ್ಯಾಲ್ಸಿಯಂ 430, ಮೆಗ್ನೀಸಿಯಂ 1340, ನೈಟ್ರೇಟ್ 5, ಫಾಸ್ಫೇಟ್ 0.04; ಆಲ್ಕ್ ಬಿಟ್ಟು ಎಲ್ಲ ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು) ಲೆಕ್ಕದಲ್ಲಿ. ವಾರಕ್ಕೆ 30 ಲೀಟರ್ ನೀರು ಬದಲಿಸ್ತೀನಿ. ಆಲ್ಕ್, ಕ್ಯಾಲ್ಸಿಯಂ ಎರಡೂ ಡೋಸಿಂಗ್ ಪಂಪಲ್ಲಿ (ದ್ರಾವಣವನ್ನ ಅಳತೆಗೆ ತಾನೇ ಹಾಕೋ ಪಂಪ್) ಹೋಗತ್ತೆ.

ಹಳೇದು ಹೊಸದು ಅರ್ಧರ್ಧ ಬೆರೆಸಿ ಕೆಲವು ವಾರ ಹಾಕು, ಆಮೇಲೆ ಪೂರ್ತಿ ಬದಲಿಸು ಅಂತ ಒಬ್ರು ಹೇಳಿದ್ರು. ಉಪ್ಪು ಉಪ್ಪೇ, ಸುಮ್ನೆ ಹಾಕು ಅಂತ ಇನ್ನೊಬ್ರು. ಯಾರ ಮಾತು ಕೇಳ್ಲಿ?

ಹಳೇಸಂಪ್

ಇಬ್ಬರ ಮಾತೂ ಸದ್ಯಕ್ಕೆ ಬದಿಗಿಡಿ. ಚೀಲದ ಮೇಲಿರೋ ಹೆಸರು ಹವಳಕ್ಕೆ ಗೊತ್ತಾಗಲ್ಲ. ಅದಕ್ಕೆ ಗೊತ್ತಾಗೋದು ಒಂದೇ, ಸುತ್ತಲಿನ ನೀರು ಎಷ್ಟು ಬದಲಾಯ್ತು, ಎಷ್ಟು ಬೇಗ ಬದಲಾಯ್ತು ಅನ್ನೋದು.

ಲೆಕ್ಕ ಸುಲಭ. ಹೊಸ ನೀರಿಗೂ ಟ್ಯಾಂಕಿನ ನೀರಿಗೂ ಎಷ್ಟು ವ್ಯತ್ಯಾಸ, ಅದನ್ನ ನೀವು ಬದಲಿಸೋ ಪಾಲಿನಿಂದ ಗುಣಿಸಿ. ರೀಫ್ ಕ್ರಿಸ್ಟಲ್ಸ್ ಆಲ್ಕ್ ಎತ್ತರದಲ್ಲಿರೋ ಉಪ್ಪು, 12ರ ಆಸುಪಾಸು ಅಂತ ಇಟ್ಕೊಳ್ಳಿ. ನಿಮ್ಮ 7.8ಕ್ಕೂ ಅದಕ್ಕೂ 4.2 ಅಂತರ. ನೀವು ಬದಲಿಸೋದು ಹತ್ತನೇ ಒಂದು ಭಾಗ. ಟ್ಯಾಂಕಿನ ಆಲ್ಕ್ ಏರೋದು 0.42. ದಿನಕ್ಕೆ 1 ಡಿಕೆಎಚ್ ಒಳಗಿನ ಏರಿಳಿತವನ್ನ ಬಹುತೇಕ ಹವಳ ತಡ್ಕೊಳ್ಳತ್ತೆ, ಅಕ್ರೊಪೋರ ಇರೋರು 0.5 ದಾಟದ ಹಾಗೆ ನೋಡ್ಕೋತಾರೆ. ನಿಮ್ಮದು ಅದರೊಳಗೇ ಇದೆ.

ಇದೇ ಉಪ್ಪನ್ನ ಹಾಕಿ ಒಂದೇ ದಿನ 40% ನೀರು ಬದಲಿಸಿದ್ರೆ ಏರೋದು 1.7ರ ಹತ್ತಿರ. ಬ್ರಾಂಡ್ ಅದೇ, ಕೈ ಅದೇ, ಫಲ ಮಾತ್ರ ಬೇರೆ. ಉಪ್ಪು ಬದಲಿಸಿ ಹವಳ ಹೋಯ್ತು ಅನ್ನೋ ಕಥೆಗಳಲ್ಲಿ ಎಷ್ಟು ನೀರು ಬದಲಿಸಿದ್ರು ಅಂತ ಕೇಳಿ ನೋಡಿ, ಅಲ್ಲೇ ಉತ್ತರ ಇರತ್ತೆ.

12 ಅಂದಿದ್ದು ಲೆಕ್ಕಕ್ಕೆ ಮಾತ್ರ. ಬಿಚ್ಚಿ, ಕಲಸಿ, ಅಳೆದು ನಿಮ್ಮ ಚೀಲದ ಸಂಖ್ಯೆ ಹೇಳಿ.

ಮೆತ್ತನೆಹವಳ

ನನ್ನಲ್ಲಿರೋದು ಝೋವಾ, ಲೆದರ್, ಮಶ್ರೂಮ್ ಥರದ ಮೆತ್ತನೆ ಹವಳ ಅಷ್ಟೇ. ಸಿಕ್ಕ ಉಪ್ಪು ಹಾಕ್ತೀನಿ, ಯಾವುದೂ ಮುಖ ಸಿಂಡರಿಸಿಲ್ಲ. 😀

ಅಕ್ರೋಹುಚ್ಚ

ಮೆತ್ತನೆಹವಳ ಅವರೇ, ನಿಮ್ಮ ಟ್ಯಾಂಕ್ ಬೇರೆ, ಇವರ ಟ್ಯಾಂಕ್ ಬೇರೆ.

ಸಂಪ್ ಸರ್ ಲೆಕ್ಕ ಸರಿಯೇ, ತಕರಾರಿಲ್ಲ. ಆದ್ರೆ 0.42 ಅನ್ನೋದು ಒಂದು ವಾರದ ಲೆಕ್ಕ. ಪ್ರತಿ ವಾರ 12ರ ನೀರು ಬೀಳ್ತಾ ಹೋದ್ರೆ, ಡೋಸಿಂಗ್ ಹಾಗೇ ಬಿಟ್ಟಿದ್ರೆ, ಟ್ಯಾಂಕ್ 7.8ರಲ್ಲಿ ನಿಲ್ಲತ್ತಾ? ಮೆಲ್ಲಗೆ 8.5, 9 ಅಂತ ಹತ್ತತ್ತೆ. ನೀಲಿಬೆಳಕು ಅವರ ಫಾಸ್ಫೇಟ್ 0.04, ನೈಟ್ರೇಟ್ 5, ಹಾಗಾಗಿ ಸದ್ಯ ಅವರು ಸೇಫ್. ಪೋಷಕಾಂಶ ತೀರಾ ಕಡಿಮೆ ಇರೋ ಟ್ಯಾಂಕಲ್ಲಿ ಆಲ್ಕ್ ಏರಿದ್ರೆ ಅಕ್ರೊಪೋರದ ತುದಿ ಸುಡತ್ತೆ. ಅಸ್ಥಿಪಂಜರ ಬೆಳೆಯೋ ವೇಗಕ್ಕೆ ಮೇಲಿನ ಚರ್ಮ ಸರಿಸಾಟಿ ಬೆಳೆಯಲ್ಲ ಅನ್ನೋ ವಿವರಣೆ ಕೊಡ್ತಾರೆ. ವಿವರಣೆ ಏನೇ ಇರಲಿ, ತುದಿಯಲ್ಲಿ ಬೆಳೆಯೋ ತಿಳಿ ಬಣ್ಣ ಹೋಗಿ ಒಣಗಿದ ಸುಣ್ಣದ ಹಾಗೆ ಬಿಳಿ ಕಾಣತ್ತೆ, ಕೆಲವು ದಿನಕ್ಕೆ ಅದರ ಮೇಲೆ ಕಂದು ಪಾಚಿ ಕೂರತ್ತೆ. ಒಂದ್ಸಲ ನೋಡಿದವರು ಮರೆಯಲ್ಲ.

ಅದಕ್ಕೇ ನಾನು ಬೆರೆಸಿ ಹಾಕೋ ಪಕ್ಷ.

ಹಳೇಸಂಪ್

» ಪ್ರತಿ ವಾರ 12ರ ನೀರು ಬೀಳ್ತಾ ಹೋದ್ರೆ, ಡೋಸಿಂಗ್ ಹಾಗೇ ಬಿಟ್ಟಿದ್ರೆ

ಡೋಸಿಂಗ್ ಯಾಕೆ ಹಾಗೇ ಬಿಡ್ಬೇಕು ಗುರುವೇ? ಅಸಲು ಪ್ರಶ್ನೆ ಅದು. ಬೆರೆಸಿದ್ರೆ ಏರಿಕೆ ನಿಧಾನ ಆಗತ್ತೆ, ನಿಲ್ಲಲ್ಲ. ಕೊನೆಗೆ ಪೂರ್ತಿ ಹೊಸ ಉಪ್ಪಿಗೆ ಬಂದಾಗ ನೀವು ಹೇಳಿದ ಸಮಸ್ಯೆಯೇ ಎದುರಾಗತ್ತೆ.

ಇನ್ನೊಂದು ಮಾತು. ವಾರಕ್ಕೆ 10% ಬದಲಿಸೋದೇ ಒಂದು ಬೆರಕೆ. ಹತ್ತು ಸಲ ಬದಲಿಸಿದ ಮೇಲೂ ಟ್ಯಾಂಕಲ್ಲಿ ಸುಮಾರು 35% ಹಳೇ ನೀರೇ ಉಳಿದಿರತ್ತೆ. ಅದು 10%ಗೆ ಇಳಿಯೋಕೆ 22 ಸಲ ಬೇಕು. ಬಕೆಟ್ಟಿನಲ್ಲಿ ಮತ್ತೊಮ್ಮೆ ಅರ್ಧರ್ಧ ಮಾಡೋದು ನೀರಿಗೆ ನೀರು ಬೆರೆಸಿದ ಹಾಗೆ. ಮಾಡಿದ್ರೆ ಕೆಟ್ಟದ್ದೇನಿಲ್ಲ, ಮನಸ್ಸಿಗೆ ಸಮಾಧಾನ ಸಿಗೋದಾದ್ರೆ ಮಾಡಲಿ.

ಅಳತೆಗೋಲು

ನೋಡ್ರಿ, ಎಲ್ಲಾರೂ ಆಲ್ಕ್ ಆಲ್ಕ್ ಅನ್ಲಿಕ್ಕೆ ಹತ್ತೀರಿ. ಸಲಿನಿಟಿ, ಅಂದರ ನೀರಿನಾಗಿನ ಉಪ್ಪಿನಂಶ, ಹೆಂಗ ಅಳೀತೀರಿ ಅಂತ ಒಬ್ಬರೂ ಕೇಳಲಿಲ್ಲಲ್ರಿ.

ಒಂದು ಉಪ್ಪಿಗೆ ಲೀಟರಿಗೆ 36 ಗ್ರಾಂ ಬೇಕಾದರ ಇನ್ನೊಂದಕ್ಕ 39 ಬೇಕಾಗಬಹುದು. ಉಪ್ಪಿನೊಳಗ ನೀರಿನಂಶ ಎಷ್ಟೈತಿ ಅನ್ನೋದರ ಮ್ಯಾಲ ಅದು. ಕಪ್ಪಿನಾಗ ಅಳಿಯೋರ ಪಾಡಂತೂ ಕೇಳಬ್ಯಾಡ್ರಿ, ಕಾಳು ಸಣ್ಣದಿದ್ದರ ಒಂದು ತೂಕ, ದಪ್ಪ ಇದ್ದರ ಇನ್ನೊಂದು. ಹಳೇ ಬ್ರಾಂಡಿನ ಕಪ್ಪಿನ ಲೆಕ್ಕ ಹೊಸಾದಕ್ಕ ನಡಿಯೂದಿಲ್ಲ.

33 ಪಿಪಿಟಿ (ಸಾವಿರ ಪಾಲಿನಾಗ 33 ಪಾಲು ಉಪ್ಪು) ನೀರಿನಾಗ ಕ್ಯಾಲ್ಸಿಯಂ 420 ಬಂತು ಅಂದರ ಅದೇ ಉಪ್ಪು 35ರಾಗ 445 ಕೊಡತೈತಿ. ಒಬ್ಬ 33ರಾಗ ಅಳದು ಈ ಉಪ್ಪಿನಾಗ ಕ್ಯಾಲ್ಸಿಯಂ ಕಡಿಮಿ ಅಂತಾನ, ಇನ್ನೊಬ್ಬ 36ರಾಗ ಅಳದು ಜಾಸ್ತಿ ಅಂತಾನ. ಇಬ್ಬರದೂ ಒಂದೇ ಚೀಲ!

ರಿಫ್ರಾಕ್ಟೋಮೀಟರ್ (ಬೆಳಕು ಬಾಗೂದರಿಂದ ಉಪ್ಪಿನಂಶ ಅಳಿಯೋ ಸಾಧನ) ಇದ್ದರ 35 ಪಿಪಿಟಿ ದ್ರಾವಣದಾಗ ಸೆಟ್ ಮಾಡ್ರಿ. ಬರೀ ಆರ್‌ಒ ನೀರಿನಾಗ (ಉಪ್ಪು ತಗದ ಶುದ್ಧ ನೀರು) ಸೊನ್ನಿಗೆ ಕೂಡಿಸಿದರ 35ರ ಹತ್ತಿರ ಸರಿ ತೋರಸ್ತೈತಿ ಅನ್ನೋ ಭರೋಸ ಇಲ್ಲ. ಕಂಡಕ್ಟಿವಿಟಿ ಮೀಟರ್ ಇದ್ದೋರಿಗೆ 25 ಡಿಗ್ರಿಯೊಳಗ 53 ಮಿಲಿಸೀಮೆನ್ಸ್ ಬರಬೇಕು. ಮುಳ್ಳಿನ ಹೈಡ್ರೋಮೀಟರ್ ಆದರ ಮುಳ್ಳಿಗೆ ಅಂಟಿದ ಗುಳ್ಳಿ ಬಡದು ತಗೀರಿ, ಗುಳ್ಳಿ ಇದ್ದರ ಮುಳ್ಳು ಏರಿ ಸುಳ್ಳು ಹೇಳತೈತಿ.

ನೀಲಿಬೆಳಕು

ಅಳತೆಗೋಲು ಸರ್, ಒಳ್ಳೇ ಸಮಯಕ್ಕೆ ಹೇಳಿದ್ರಿ. ಇವತ್ತು ಚೀಲ ಬಿಚ್ಚಿ 20 ಲೀಟರ್ ಕಲಸಿದೆ. ಚೀಲದ ಮೇಲಿನ ಪ್ರಮಾಣದಂತೆ ಹಾಕಿದ್ರೆ 37 ಬಂತು. ಆರ್‌ಒ‑ಡಿಐ ನೀರು ಸೇರಿಸಿ 35ಕ್ಕೆ ಇಳಿಸಿ ಎರಡೂ ಕಡೆ ಅಳೆದೆ, ಕುತೂಹಲಕ್ಕೆ.

37ರಲ್ಲಿ ಆಲ್ಕ್ 12.2, ಕ್ಯಾಲ್ಸಿಯಂ 470.
35ರಲ್ಲಿ ಆಲ್ಕ್ 11.5, ಕ್ಯಾಲ್ಸಿಯಂ 445, ಮೆಗ್ನೀಸಿಯಂ 1325.

ಆಲ್ಕ್ ಹ್ಯಾನಾ ಚೆಕರಲ್ಲಿ, ಉಳಿದವು ಸ್ಯಾಲಿಫರ್ಟ್ ಕಿಟ್ಟಲ್ಲಿ. ಚೀಲದ ಒಂದು ಮೂಲೆಯಲ್ಲಿ ಉಪ್ಪು ಗಟ್ಟಿ ಗಂಟಾಗಿತ್ತು, ಕೈಲಿ ಪುಡಿ ಮಾಡಿ ಹಾಕಿದೆ. ತೊಂದರೆ ಇದೆಯಾ?

ಆಮ್ಲಕ್ಷಾರ

ಗಂಟಿನ ವಿಷಯ ಹೇಳ್ತೀನಿ, ಯಾವ ಬ್ರಾಂಡಾದ್ರೂ ಇದು ಒಂದೇ.

ಉಪ್ಪಿನ ಮಿಶ್ರಣದಲ್ಲಿರೋ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಎರಡೂ ಗಾಳಿಯ ತೇವ ಹೀರುತ್ತವೆ. ಸ್ವಲ್ಪ ಹೀರಿದ್ರೆ ಬರೀ ಗಂಟು, ಪುಡಿ ಮಾಡಿದ್ರೆ ಸರಿಹೋಗತ್ತೆ. ಜಾಸ್ತಿ ಹೀರಿದ್ರೆ ಒಣ ಪುಡಿಯೊಳಗೇ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗತ್ತೆ, ಅಂದ್ರೆ ಸುಣ್ಣಕಲ್ಲು. ಅದು ಆಮೇಲೆ ನೀರಲ್ಲಿ ಕರಗಲ್ಲ. ಬಕೆಟ್ಟಿನ ತಳದಲ್ಲಿ ಬಿಳಿ ಮಡ್ಡಿ ಉಳಿಯತ್ತೆ.

ಇದನ್ನ ಪತ್ತೆ ಮಾಡೋಕೆ ಕ್ಯಾಲ್ಸಿಯಂ ಟೆಸ್ಟ್ ನಂಬ್ಬೇಡಿ, ಆಲ್ಕ್ ನೋಡಿ. 20 ಪಿಪಿಎಂ ಕ್ಯಾಲ್ಸಿಯಂ ಹೋದ್ರೆ ಅದರ ಜೊತೆ 2.8 ಡಿಕೆಎಚ್ ಆಲ್ಕ್ ಹೋಗತ್ತೆ. ಹಾಳಾದ ಚೀಲದಲ್ಲಿ ಕ್ಯಾಲ್ಸಿಯಂ 445 ಬದಲು 435 ಬಂದ್ರೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಕಿಟ್ಟಿನ ತಪ್ಪು ಅಂತಾರೆ. ಅಷ್ಟರಲ್ಲಿ ಆಲ್ಕ್ 1.4 ಇಳಿದಿರತ್ತೆ. ನಿಮ್ಮ 11.5 ನೋಡಿದ್ರೆ ಈ ಚೀಲಕ್ಕೆ ಅಂಥದ್ದೇನೂ ಆದ ಹಾಗಿಲ್ಲ, ಧೈರ್ಯವಾಗಿ ಬಳಸಿ.

ಸಾಗಿಸುವಾಗ ಕುಲುಕಿ ಕುಲುಕಿ ಸಣ್ಣ ಕಾಳು ತಳ ಸೇರತ್ತೆ, ದಪ್ಪದ್ದು ಮೇಲೆ ಬರತ್ತೆ. ಅದಕ್ಕೇ ಪ್ರತಿ ಸಲ ತೆಗೆಯೋ ಮೊದಲು ಬಕೆಟ್ ಮುಚ್ಚಿ ನೆಲದ ಮೇಲೆ ನಾಲ್ಕು ಸುತ್ತು ಉರುಳಿಸಿ. ಚೀಲದಿಂದ ಮುಚ್ಚಳ ಬಿಗಿಯಾಗಿರೋ ಬಕೆಟ್ಟಿಗೆ ವರ್ಗಾಯಿಸಿದ್ರೆ ಗಂಟಿನ ತಾಪತ್ರಯವೂ ಕಡಿಮೆ.

ಬುರುಡೆನೊರೆ

ಆಮ್ಲಕ್ಷಾರ ಮೇಡಂ, ಹೊಸ ಉಪ್ಪಿನ ಆಲ್ಕನ್ನ ಟ್ಯಾಂಕಿಗೆ ಸರಿಯಾಗಿ ಮೊದಲೇ ಇಳಿಸ್ಕೊಂಡ್ರೆ ಆಗಲ್ವಾ? ಆಸಿಡ್ ಹಾಕ್ತಾರೆ ಅಂತ ಕೇಳಿದ್ದೀನಿ.

ಆಮ್ಲಕ್ಷಾರ

ಆಗತ್ತೆ. ಹೈಡ್ರೋಕ್ಲೋರಿಕ್ ಆಸಿಡ್. 100 ಲೀಟರ್ ನೀರಲ್ಲಿ 1 ಡಿಕೆಎಚ್ ಇಳಿಸೋಕೆ 31% ಸಾಂದ್ರತೆಯದ್ದು ಸುಮಾರು 3.6 ಮಿಲಿ ಬೇಕು. ಶುದ್ಧವಾದದ್ದೇ ಆಗ್ಬೇಕು, ನೆಲ ತೊಳೆಯೋ ಬಣ್ಣದ ಆಸಿಡ್ ಹತ್ತಿರ ತರಬೇಡಿ. ಕಲಸೋ ಬಕೆಟ್ಟಿಗೆ ಹಾಕ್ಬೇಕು, ಟ್ಯಾಂಕಿಗೆ ಯಾವತ್ತೂ ಅಲ್ಲ. ಕೈಗವಸು, ಕನ್ನಡಕ ಬೇಕು. ನೀರಿಗೆ ಆಸಿಡ್ ಹಾಕ್ಬೇಕು, ಆಸಿಡ್‌ಗೆ ನೀರಲ್ಲ. ಹಾಕಿದ ಕೂಡಲೇ ಪಿಎಚ್ ಕುಸಿಯತ್ತೆ, ಹುಟ್ಟಿದ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗೋವರೆಗೂ ಏರ್‌ಸ್ಟೋನ್ ಬಿಟ್ಟು ಗಾಳಿಯಾಡಿಸಬೇಕು. ಪಿಎಚ್ ಮತ್ತೆ 8ರ ಮೇಲೆ ಬಂದ ಮೇಲೇ ಆ ನೀರು ಬಳಸೋದು.

ಇಷ್ಟೆಲ್ಲ ವಿವರ ಹೇಳಿದ್ರೂ, ನೀಲಿಬೆಳಕು ಅವರ 30 ಲೀಟರಿಗೆ ಇದು ಬೇಡವೇ ಬೇಡ. 11.5ರಲ್ಲಿ 7.8 ಕಳೆದ್ರೆ 3.7, ಅದರ ಹತ್ತನೇ ಒಂದು ಭಾಗ 0.37. ಇಷ್ಟಕ್ಕಾಗಿ ಮನೆಗೆ ಆಸಿಡ್ ಬಾಟಲಿ ಯಾಕೆ ತರ್ಬೇಕು?

ಉಲ್ಟಾ ದಿಕ್ಕಿನಲ್ಲಿ ಹೋಗೋರಿಗೆ, ಅಂದ್ರೆ ಎತ್ತರದ ಆಲ್ಕ್ ಉಪ್ಪಿನಿಂದ ತಗ್ಗಿನದಕ್ಕೆ ಬರೋರಿಗೆ, ಇನ್ನೂ ಸುಲಭ. 100 ಲೀಟರಿಗೆ 3 ಗ್ರಾಂ ಅಡುಗೆ ಸೋಡಾ ಹಾಕಿದ್ರೆ 1 ಡಿಕೆಎಚ್ ಏರತ್ತೆ. ಉಪ್ಪು ಪೂರ್ತಿ ಕರಗಿದ ಮೇಲೆ, ಬೇರೆ ಪಾತ್ರೆಯಲ್ಲಿ ಕರಗಿಸಿಕೊಂಡು ನಿಧಾನಕ್ಕೆ ಸುರೀಬೇಕು.

ಕಡಲಕರೆ

ಎಲ್ಲ ಸರಿ ಮಾರಾಯ್ರೆ. ಆದ್ರೆ ನೀವೆಲ್ಲ ಮೂರೇ ಸಂಖ್ಯೆ ಹಿಡ್ಕೊಂಡು ಮಾತಾಡುದು. ಉಳಿದದ್ದು? ಪೊಟ್ಯಾಸಿಯಂ, ಸ್ಟ್ರಾನ್ಷಿಯಂ, ಅಯೋಡಿನ್, ಬೋರಾನ್ ಎಲ್ಲ ಉಂಟಲ್ಲ. ಅದು ಒಂದೊಂದು ಉಪ್ಪಲ್ಲಿ ಒಂದೊಂದು ಥರ. ಟೆಸ್ಟ್ ಕಿಟ್ ಇಲ್ಲ ಅಂತ ಹೇಳಿ ಅದು ಇಲ್ಲವೇ ಇಲ್ಲ ಅಂತ ಆಗ್ತದಾ?

ಹಳೇಸಂಪ್

ಇದೆ, ಖಂಡಿತ ಇದೆ. ಅದಕ್ಕೂ ಅದೇ ಗುಣಾಕಾರ. ಹೊಸ ಉಪ್ಪಲ್ಲಿ ಪೊಟ್ಯಾಸಿಯಂ ಸಮುದ್ರದ 400ರ ಬದಲು 360 ಇದ್ರೂ ಒಂದು ವಾರಕ್ಕೆ ಟ್ಯಾಂಕಲ್ಲಿ ಇಳಿಯೋದು 4. ತಿಂಗಳುಗಟ್ಟಲೆ ಕಳೆದ ಮೇಲೆ ವ್ಯತ್ಯಾಸ ಕಾಣಬಹುದು. ಹಾಗಾಗಿ ಬದಲಿಸೋ ಮೊದಲು ಒಂದು ಐಸಿಪಿ (ನೀರಿನ ಮೂಲಧಾತುಗಳನ್ನ ಲ್ಯಾಬಲ್ಲಿ ಅಳೆಯೋ ಪರೀಕ್ಷೆ), ಕೆಲವು ತಿಂಗಳ ಮೇಲೆ ಇನ್ನೊಂದು ಐಸಿಪಿ. ಪ್ರತಿ ತಿಂಗಳೂ ಕಳಿಸಿ ಆ ವರದಿ ಇಟ್ಕೊಂಡು ಒಂದೊಂದು ಮೂಲಧಾತುವಿಗೂ ಬಾಟಲಿ ಕೊಳ್ಳೋದಿದ್ಯಲ್ಲ, ಅದು ಉಪ್ಪು ಬದಲಿಸೋದಕ್ಕಿಂತ ಅಪಾಯ ಅಂತ ನನ್ನ ಅಭಿಪ್ರಾಯ.

ಐಸಿಪಿ ಯಂತ್ರ ಆಲ್ಕ್ ಅಳೆಯಲ್ಲ ಅನ್ನೋದೂ ನೆನಪಿರಲಿ. ಕೆಲವು ಲ್ಯಾಬಿನವರು ಬೇರೆಯಾಗಿ ಅಳೆದು ವರದಿಗೆ ಸೇರಿಸ್ತಾರೆ, ಅಷ್ಟೊತ್ತಿಗೆ ಸ್ಯಾಂಪಲ್ ದಾರಿಯಲ್ಲಿ ದಿನಗಟ್ಟಲೆ ಕೂತಿರತ್ತೆ. ಆಲ್ಕ್ ಮನೆಯಲ್ಲೇ, ತಾಜಾ ನೀರಲ್ಲೇ ಅಳೀಬೇಕು.

ಆಮ್ಲಕ್ಷಾರ

ಕಡಲಕರೆ ಅವರು ಬೋರಾನ್ ಹೆಸರು ಎತ್ತಿದ್ದು ಒಳ್ಳೇದಾಯ್ತು. ಸಮುದ್ರದಲ್ಲಿ ಅದು 4.5 ಪಿಪಿಎಂ ಆಸುಪಾಸು. ಅದಕ್ಕಿಂತ ತುಂಬ ಜಾಸ್ತಿ ಬೋರೇಟ್ ಹಾಕಿರೋ ಉಪ್ಪಾದ್ರೆ ಆಲ್ಕ್ ಟೆಸ್ಟ್ ಅದನ್ನೂ ಸೇರಿಸಿ ತೋರಿಸತ್ತೆ. ಹವಳಕ್ಕೆ ಬೇಕಾದ್ದು ಕಾರ್ಬೊನೇಟ್ ಪಾಲು ಮಾತ್ರ. ಎರಡು ಉಪ್ಪಲ್ಲೂ ಆಲ್ಕ್ 9 ಅಂತ ಬಂದ್ರೂ ಒಳಗಿರೋ ಕಾರ್ಬೊನೇಟ್ ಒಂದೇ ಇರಬೇಕಾಗಿಲ್ಲ. ಐಸಿಪಿಯಲ್ಲಿ ಬೋರಾನ್ ಕಾಲಂ ನೋಡಿದ್ರೆ ಗೊತ್ತಾಗತ್ತೆ.

ಅಕ್ರೋಹುಚ್ಚ

ಸರಿ, ಬೆರೆಸೋದು ಬಿಟ್ಟೆ. 😅 ಡೋಸಿಂಗ್ ಏನು ಮಾಡ್ಬೇಕು ಅಂತ ಸಂಪ್ ಸರ್ ಇನ್ನೂ ಹೇಳಿಲ್ಲ.

ಹಳೇಸಂಪ್

ನೀಲಿಬೆಳಕು, ನಿಮ್ಮ ಟ್ಯಾಂಕ್ ದಿನಕ್ಕೆ ಎಷ್ಟು ಆಲ್ಕ್ ತಿನ್ನತ್ತೆ?

ನೀಲಿಬೆಳಕು

ಪಂಪ್ ನಿಲ್ಲಿಸಿ ಒಂದು ದಿನ ನೋಡಿದಾಗ 1.1 ಇಳಿದಿತ್ತು.

ಹಳೇಸಂಪ್

ಹಾಗಾದ್ರೆ ಕೆಲಸ ಸಲೀಸು. ನೀರು ಬದಲಿಸಿದ್ರಿಂದ 0.37 ಬಂತು. ನಿಮ್ಮ ಟ್ಯಾಂಕ್ ಅದನ್ನ ಎಂಟು ಗಂಟೆಯಲ್ಲಿ ತಿಂದು ಮುಗಿಸತ್ತೆ. ನೀರು ಬದಲಿಸೋ ದಿನ ಆಲ್ಕ್ ಪಂಪನ್ನ ಮೂರನೇ ಒಂದು ಭಾಗ ಕಡಿಮೆ ಮಾಡಿ, ಮರುದಿನದಿಂದ ಮಾಮೂಲಿ. ಕ್ಯಾಲ್ಸಿಯಂ ಪಂಪ್ ಮುಟ್ಟೋದೇ ಬೇಡ; 445ಕ್ಕೂ 430ಕ್ಕೂ 15 ಅಂತರ, ಟ್ಯಾಂಕಲ್ಲಿ ಏರೋದು ಒಂದೂವರೆ ಪಿಪಿಎಂ, ಅದು ಯಾವ ಕಿಟ್ಟಿಗೂ ಕಾಣಲ್ಲ.

ಮೆತ್ತನೆಹವಳ ಥರದ ಟ್ಯಾಂಕಲ್ಲಿ ದಿನಕ್ಕೆ 0.1 ಕೂಡ ಖರ್ಚಾಗಲ್ಲ. ಅಂಥ ಕಡೆ ಪ್ರತಿ ವಾರದ ಏರಿಕೆ ಕೂಡ್ತಾ ಹೋಗಿ ಟ್ಯಾಂಕ್ ನಿಧಾನಕ್ಕೆ ಉಪ್ಪಿನ ಮಟ್ಟದ ಕಡೆಗೇ ನಡೀತಾ ಇರತ್ತೆ. ಲೆದರ್‌ಗೆ ಅದರಿಂದ ಬೇಜಾರಿಲ್ಲ, ಅಷ್ಟೇ. ಅಲ್ಲಿಗೆ ಆಸೆಪಟ್ಟು ಒಂದು ಅಕ್ರೊಪೋರ ತಂದಿಟ್ರೆ ಮಾತ್ರ ಕಷ್ಟ.

ಮೆತ್ತನೆಹವಳ

ಅಯ್ಯೋ, ನನ್ನ ಹೆಸರು ಯಾಕೆ ಬಂತು! ಆಲ್ಕ್ ಅಳೆಯೋ ಕಿಟ್ಟೇ ಇಲ್ಲ ನನ್ನ ಹತ್ರ.

ಅಳತೆಗೋಲು

ಹೊಸಾ ನೀರಿನ ಬಿಸಿ, ಸಲಿನಿಟಿ ಎರಡೂ ಟ್ಯಾಂಕಿನಷ್ಟ ಇರ್ಲಿ. ಬಸವನಹುಳ, ಸೀಗಡಿ ಇವಕ್ಕ ಆಲ್ಕಿಗಿಂತ ಸಲಿನಿಟಿ ಏರುಪೇರು ಭಾಳ ತ್ರಾಸ ಕೊಡತೈತಿ. ಉಪ್ಪು ಬದಲಿಸಿದ ಮರುದಿನ ಬಸವನಹುಳ ಅಂಗಾತ ಬಿತ್ತು ಅಂದರ ನಾ ಮೊದಲು ರಿಫ್ರಾಕ್ಟೋಮೀಟರ್ ತೋರ್ಸ್ರಿ ಅಂತೀನಿ.

ಬುರುಡೆನೊರೆ

ನಂದೊಂದು ಸೇರಿಸ್ತೀನಿ. ಉಪ್ಪು ಬದಲಿಸೋ ವಾರ ಬೇರೆ ಏನೂ ಬದಲಿಸ್ಬೇಡಿ. ಹೊಸ ಲೈಟ್, ಹೊಸ ಕಾರ್ಬನ್, ಫಾಸ್ಫೇಟ್ ರಿಮೂವರ್ ಎಲ್ಲ ಒಟ್ಟಿಗೆ ಶುರು ಮಾಡಿ ಕೊನೆಗೆ ಬೈಗುಳ ತಿನ್ನೋದು ಉಪ್ಪು.

ನೀಲಿಬೆಳಕು

ಅಪ್ಡೇಟ್. ಕೆಲವು ವಾರದಿಂದ ಪೂರ್ತಿ ಹೊಸ ಉಪ್ಪಿನ ಮೇಲೇ ಇದ್ದೀನಿ, ಬೆರೆಸಲಿಲ್ಲ. ನೀರು ಬದಲಿಸೋ ದಿನ ಪಂಪ್ ಮೂರನೇ ಒಂದು ಭಾಗ ಇಳಿಸ್ತೀನಿ. ಆಲ್ಕ್ 7.7ರಿಂದ 8.1ರ ಒಳಗೇ ಓಡಾಡ್ತಿದೆ. ಹ್ಯಾಮರ್, ಟಾರ್ಚ್ ಮೊದಲಿನ ಹಾಗೇ ಅರಳಿವೆ. ಅಕ್ರೊಪೋರಗಳ ತುದಿ ಚೆನ್ನಾಗಿದೆ, ಹಸಿರು ಇರೋದರ ತುದಿಯಲ್ಲಿ ತೆಳು ನೇರಳೆ ಬರ್ತಿದೆ. ಸ್ಟೈಲೋಫೋರ ಮಾತ್ರ ಎರಡು ದಿನ ಪಾಲಿಪ್ ಒಳಗೆಳ್ಕೊಂಡಿತ್ತು, ಆಮೇಲೆ ಬಿಚ್ಚಿತು.

ಒಂದೇ ಅನುಮಾನ. ವಾರಕ್ಕಾಗೋಷ್ಟು ನೀರು ಮೊದಲೇ ಕಲಸಿ, ಹೀಟರ್ ಹಾಕಿ, ಪಂಪ್ ಓಡಿಸ್ತಾ ಇಡೋ ಅಭ್ಯಾಸ ನಂದು. ನೀಲಿ ಬಕೆಟ್ ಉಪ್ಪಲ್ಲಿ ಏನೂ ಆಗ್ತಿರಲಿಲ್ಲ. ಈ ಉಪ್ಪಲ್ಲಿ ಹೀಟರ್ ಮೇಲೆ ಬಿಳಿ ಪದರ ಕೂರ್ತಿದೆ.

ಆಮ್ಲಕ್ಷಾರ

ಆಲ್ಕ್, ಕ್ಯಾಲ್ಸಿಯಂ ಎರಡೂ ಎತ್ತರದಲ್ಲಿರೋ ನೀರು, ಮೇಲಿಂದ ಬಿಸಿ. ಕ್ಯಾಲ್ಸಿಯಂ ಕಾರ್ಬೊನೇಟ್ ಬಿಸಿ ನೀರಲ್ಲಿ ಕಡಿಮೆ ಕರಗತ್ತೆ, ಹಾಗಾಗಿ ಮೊದಲು ಹೀಟರ್ ಮೈ ಮೇಲೇ ಕೂರತ್ತೆ. ಗಾಳಿಯಾಡಿದ ಹಾಗೆ ಪಿಎಚ್ ಏರೋದೂ ಅದಕ್ಕೆ ಒತ್ತಾಸೆ. ಆ ಪದರದಲ್ಲಿರೋದು ನಿಮ್ಮ ಆಲ್ಕೇ. ವಾರ ಇಟ್ಟ ಬಕೆಟ್ಟಿನ ಆಲ್ಕ್ ಈಗ ಅಳೆದು ನೋಡಿ, 11.5 ಇರಲ್ಲ.

ಹೀಟರ್ ಇಲ್ಲದೆ ಕಲಸಿ, ನೀರು ತಿಳಿಯಾದ ಮೇಲೆ ಪಂಪ್ ನಿಲ್ಲಿಸಿ ಮುಚ್ಚಿಡಿ. ಬದಲಿಸೋ ದಿನ ಬೆಳಿಗ್ಗೆ ಬಿಸಿ ಮಾಡಿ, ಒಂದರ್ಧ ಗಂಟೆ ತಿರುಗಿಸಿ. ಇನ್ನೂ ಒಳ್ಳೇದು ಅಂದ್ರೆ ಹಿಂದಿನ ದಿನ ಕಲಸೋದು. ಮತ್ತೆ ನೀರಿಗೆ ಉಪ್ಪು ಹಾಕಿ, ಉಪ್ಪಿನ ಮೇಲೆ ನೀರು ಸುರೀಬೇಡಿ. ಮೊದಲು ಬಿದ್ದ ಸ್ವಲ್ಪ ನೀರಲ್ಲಿ ಎಲ್ಲ ಒತ್ತೊತ್ತಾಗಿ ಕರಗಿ ಅಲ್ಲೇ ಸುಣ್ಣ ಕಟ್ಟತ್ತೆ.

ಹೀಟರನ್ನ ಬಿಳಿ ವಿನೆಗರ್‌ನಲ್ಲಿ ಅದ್ದಿಟ್ರೆ ಪದರ ಬಿಡತ್ತೆ. ಪ್ಲಗ್ ತೆಗೆದು.

ನೀಲಿಬೆಳಕು

ಅಳೆದೆ ಮೇಡಂ. 9.4.

ಅಕ್ರೋಹುಚ್ಚ

ಅಂದ್ರೆ ಇಷ್ಟು ವಾರ ಟ್ಯಾಂಕಿಗೆ ಹೋಗಿದ್ದು 11.5ರ ನೀರೇ ಅಲ್ಲ! ಇನ್ಮೇಲೆ ಹೊಸದಾಗಿ ಕಲಸಿದ್ದು ಹಾಕಿದ್ರೆ ಆಲ್ಕ್ ಏರಬಹುದು, ಮರುದಿನ ಟೆಸ್ಟ್ ಮಾಡೋದು ಬಿಡ್ಬೇಡಿ.

ನೀಲಿಬೆಳಕು

ಹೌದು. ಭಾನುವಾರ ತಾಜಾ ಕಲಸಿ ಬದಲಿಸ್ತೀನಿ, ಸೋಮವಾರದ ಆಲ್ಕ್ ಇಲ್ಲೇ ಹಾಕ್ತೀನಿ.